ಕೋಣೆಯಲ್ಲಿ ಕೂರುವ ವಿದ್ಯೆ

ಕ್ರಿ.ಶ. 324ರ ಜೂನ್ ತಿಂಗಳಲ್ಲಿ ಈಜಿಪ್ಟಿನ ಫಯ್ಯೂಮ್ ಸೀಮೆಯ ಕರಾನಿಸ್ ಎಂಬ ಹಳ್ಳಿಯ ರೈತನೊಬ್ಬ ಅಧಿಕಾರಿಗಳಿಗೆ ಒಂದು ದೂರು ಸಲ್ಲಿಸಿದ. ಅವನ ಹೆಸರು ಇಸಿಡೋರಸ್. ಪಮೂನಿಸ್ ಮತ್ತು ಹರ್ಪಾಲಸ್ ಎಂಬಿಬ್ಬರ ಹಸು ಅವನ ಹೊಲಕ್ಕೆ ನುಗ್ಗಿ ಬೆಳೆ ಹಾಳು ಮಾಡಿತ್ತು. ಅದನ್ನು ಹಿಡಿದು ಊರಿಗೆ ಹೊಡೆದುಕೊಂಡು ಬರುತ್ತಿದ್ದಾಗ ಆ ಇಬ್ಬರೂ ದೊಡ್ಡ ದೊಣ್ಣೆಯೊಂದಿಗೆ ಎದುರಾಗಿ, ಅವನನ್ನು ನೆಲಕ್ಕೆ ಕೆಡವಿ, ಬಡಿದು, ಹಸುವನ್ನು ಕಿತ್ತುಕೊಂಡು ಹೋದರು. ಅದೇ ದಾರಿಯಾಗಿ ಬಂದ ಡೀಕನ್ (ಚರ್ಚಿನಲ್ಲಿ ಪಾದ್ರಿಯ ಸಹಾಯಕ) ಅಂತೋನಿನಸ್ ಮತ್ತು ಸನ್ಯಾಸಿ ಐಸಾಕ್ ನಡುವೆ ಬಂದು ಬಿಡಿಸದೆ ಇದ್ದಿದ್ದರೆ ತನ್ನ ಜೀವವೇ ಹೋಗುತ್ತಿತ್ತು ಎಂದು ಇಸಿಡೋರಸ್ ಹೇಳಿಕೊಂಡಿದ್ದಾನೆ. ದನ ಗದ್ದೆಗೆ ಬಿದ್ದದ್ದಕ್ಕೆ ತಲೆ ಒಡೆದುಕೊಂಡವರನ್ನು ಕಂಡಿರುವ ನಮ್ಮ ಕಡೆಯ ಯಾರಿಗೂ ಈ ದೂರಿನಲ್ಲಿ ಹೊಸದೇನೂ ಕಾಣಿಸಲಾರದು. ಆದರೆ ಈ ಪಪೈರಸ್ ಚೂರಿನಲ್ಲಿರುವ ‘ಮೊನಾಕೋಸ್’ ಎಂಬ ಒಂದೇ ಒಂದು ಪದಕ್ಕಾಗಿ ಇತಿಹಾಸಕಾರರು ಇದನ್ನು ಮತ್ತೆ ಮತ್ತೆ ಬಿಚ್ಚಿ ನೋಡುತ್ತಾರೆ. ಒಂಟಿಯಾಗಿರುವವನು ಎಂಬ ಅರ್ಥದ ಆ ಗ್ರೀಕ್ ಪದವು ಕ್ರೈಸ್ತ ಸನ್ಯಾಸಿ ಎಂಬ ಅರ್ಥದಲ್ಲಿ ನಮಗೆ ಸಿಕ್ಕಿರುವ ದಾಖಲೆಗಳ ಪೈಕಿ ಮೊದಲು ಕಾಣಿಸಿಕೊಳ್ಳುವುದು ಇಲ್ಲಿಯೇ.

ಗುಹೆಯಲ್ಲೋ ಬೆಟ್ಟದ ತುದಿಯಲ್ಲೋ ಧ್ಯಾನಸ್ಥನಾಗಿ ಇರಬೇಕಾಗಿದ್ದ ಮೊದಲ ಸನ್ಯಾಸಿಯು ದಾಖಲೆಯಲ್ಲಿ ಸಿಕ್ಕಿಬಿದ್ದದ್ದು ಹಳ್ಳಿಯ ದಾರಿಯಲ್ಲಿ ಜಗಳ ಬಿಡಿಸುತ್ತಾ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಅರ್ಜಿ ಬರೆದವರು ‘ಮೊನಾಕೋಸ್ ಎಂದರೆ ಇಂಥವನು’ ಎಂದು ಬಿಡಿಸಿ ಹೇಳುವ ಗೋಜಿಗೂ ಹೋಗಿಲ್ಲ. ಅಂದರೆ ಅಷ್ಟು ಹೊತ್ತಿಗಾಗಲೇ ಆ ಊರಿನ ಜನರಿಗೆ ಐಸಾಕನಂಥವರು ಪರಿಚಿತರಾಗಿದ್ದರು. ಇನ್ನೊಂದು ಪದವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಏಕಾಂತಕ್ಕೆ ಹೊರಟುಹೋಗುವುದನ್ನು ಗ್ರೀಕಿನಲ್ಲಿ ‘ಅನಾಖೊರೇಸಿಸ್’ ಎನ್ನುತ್ತಿದ್ದರು. ರೋಮನ್ ಆಳ್ವಿಕೆಯ ಈಜಿಪ್ಟಿನಲ್ಲಿ ಅದೇ ಪದಕ್ಕೆ ಕಂದಾಯ ಕಟ್ಟಲಾರದೆ ರಾತ್ರೋರಾತ್ರಿ ಊರು ಬಿಟ್ಟು ಓಡಿಹೋಗುವುದು ಎಂಬ ಅರ್ಥವೂ ಇತ್ತು. ಮರುಭೂಮಿಯ ಅಂಚಿಗೆ ಹೋಗಿ ಕೂತವರಲ್ಲಿ ದೇವರನ್ನು ಹುಡುಕಿ ಹೋದವರು ಎಷ್ಟು ಮಂದಿ, ಶಾನುಭೋಗನಿಗೆ ಹೆದರಿ ಹೋದವರು ಎಷ್ಟು ಮಂದಿ ಎಂದು ಬೇರ್ಪಡಿಸುವುದು ಈಗ ಸಾಧ್ಯವಿಲ್ಲ. ಆಗಲೂ ಅದು ಸುಲಭವಿದ್ದಿರಲಾರದು.

ಈ ಪರಂಪರೆಗೆ ಮೂಲಪುರುಷನೆಂದು ಹೆಸರಾದವನು ಸಂತ ಆಂತೋನಿ. ಸುಮಾರು 251ರಲ್ಲಿ ಹುಟ್ಟಿ 356ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡ ಈತನ ಚರಿತ್ರೆಯನ್ನು ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಅಥನಾಸಿಯಸ್ ಬರೆದಿದ್ದಾನೆ. ತಂದೆತಾಯಿ ಇಲ್ಲದ ಯುವಕ ಆಂತೋನಿ ಒಂದು ದಿನ ಚರ್ಚಿಗೆ ಹೋದಾಗ, ಪರಿಪೂರ್ಣನಾಗಬೇಕಿದ್ದರೆ ನಿನಗಿರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂಬ ಯೇಸುವಿನ ಮಾತನ್ನು ಓದುತ್ತಿದ್ದರು. ಅದು ತನಗೇ ಹೇಳಿದ ಮಾತೆಂದು ಬಗೆದು ಮುನ್ನೂರು ‘ಅರೂರ’ದಷ್ಟು ಫಲವತ್ತಾದ ಜಮೀನನ್ನು ಊರವರಿಗೆ ಬಿಟ್ಟುಕೊಟ್ಟು ಹೊರಟ. ಈ ಕಥೆ ಹೇಳುವವರು ಸಾಮಾನ್ಯವಾಗಿ ಒಂದು ವಾಕ್ಯವನ್ನು ದಾಟಿಕೊಂಡು ಹೋಗುತ್ತಾರೆ: ಹೊರಡುವ ಮುನ್ನ ಅವನು ತನ್ನ ಪುಟ್ಟ ತಂಗಿಯನ್ನು ನಂಬಿಕಸ್ಥರಾದ ಕನ್ಯೆಯರ ಕೈಗೆ ಒಪ್ಪಿಸಿದ. ಎಂದರೆ ಸನ್ಯಾಸಿಗಳ ಪಿತಾಮಹನು ಮನೆ ಬಿಡುವ ಹೊತ್ತಿಗೆ ಹೆಣ್ಣುಮಕ್ಕಳು ಒಟ್ಟಾಗಿ ವ್ರತಹಿಡಿದು ಬಾಳುವ ಪದ್ಧತಿ ಆಗಲೇ ಅಲ್ಲಿತ್ತು. ತಂಗಿಗೆ ಈ ಏರ್ಪಾಡು ಒಪ್ಪಿಗೆಯಿತ್ತೇ ಎಂದು ಅಥನಾಸಿಯಸ್ ಹೇಳುವುದಿಲ್ಲ. ಅವಳ ಹೆಸರನ್ನೂ ಹೇಳುವುದಿಲ್ಲ.

ಆಂತೋನಿ ಮೊದಲು ಊರಂಚಿನಲ್ಲಿ, ಆಮೇಲೆ ಒಂದು ಗೋರಿಯೊಳಗೆ, ಆಮೇಲೆ ಪಾಳುಬಿದ್ದ ಕೋಟೆಯೊಂದರಲ್ಲಿ ಇಪ್ಪತ್ತು ವರ್ಷ, ಕೊನೆಗೆ ಕೆಂಪು ಸಮುದ್ರದ ಕಡೆಯ ಬೆಟ್ಟದ ಬುಡದಲ್ಲಿ ಇದ್ದ. ಅವನ ಹಿಂದೆಯೇ ಜನ ಬಂದರು. ನಾಲ್ಕನೆಯ ಶತಮಾನ ಮುಗಿಯುವ ಹೊತ್ತಿಗೆ ನೈಲ್ ನದೀಮುಖಜ ಭೂಮಿಯ ಪಶ್ಚಿಮಕ್ಕೆ ನಿಟ್ರಿಯಾ, ಕೆಲ್ಲಿಯಾ, ಸ್ಕೇಟಿಸ್ ಎಂಬ ಮೂರು ಕಡೆ ಸನ್ಯಾಸಿಗಳ ವಸಾಹತುಗಳೇ ಎದ್ದಿದ್ದವು. ಕೆಲ್ಲಿಯಾ ಎಂದರೆ ‘ಕೋಣೆಗಳು’. ಹೆಸರಿಗೆ ತಕ್ಕಂತೆ ಅಲ್ಲಿದ್ದದ್ದು ಒಂದರ ದನಿ ಇನ್ನೊಂದಕ್ಕೆ ಕೇಳದಷ್ಟು ದೂರದಲ್ಲಿ ಕಟ್ಟಿಕೊಂಡ ಮಣ್ಣಿಟ್ಟಿಗೆಯ ಗೂಡುಗಳು. ವಾರದಲ್ಲಿ ಐದು ದಿನ ಪ್ರತಿಯೊಬ್ಬನೂ ತನ್ನ ಗೂಡಿನಲ್ಲಿ ಒಬ್ಬನೇ. ಶನಿವಾರ, ಭಾನುವಾರ ಎಲ್ಲರೂ ಚರ್ಚಿನಲ್ಲಿ ಸೇರಿ ಪೂಜೆ ಮತ್ತು ಊಟ. ಗೂಡಿನೊಳಗೆ ಚಾಪೆ, ನೀರಿನ ಗಡಿಗೆ, ಒಣರೊಟ್ಟಿ, ಉಪ್ಪು ಮತ್ತು ನೆನೆಹಾಕಿದ ತಾಳೆಗರಿಯ ಸಿಬಿರು. ಆ ಸಿಬಿರನ್ನು ಹಗ್ಗ ಹೊಸೆಯುತ್ತಾ, ಬುಟ್ಟಿ ಹೆಣೆಯುತ್ತಾ, ಬಾಯಲ್ಲಿ ಬೈಬಲಿನ ಕೀರ್ತನೆಗಳನ್ನು ಗುನುಗುತ್ತಾ ದಿನ ಕಳೆಯಬೇಕು. ಹೊಸದಾಗಿ ಬಂದವನು ಹಿರಿಯನ ಬಳಿ ಹೋಗಿ ಉಪದೇಶ ಕೇಳಿದರೆ ಸಿಗುತ್ತಿದ್ದ ಉತ್ತರ ಒಂದೇ ಬಗೆಯದು: ಹೋಗಿ ನಿನ್ನ ಕೋಣೆಯಲ್ಲಿ ಕೂತುಕೋ, ಮಿಕ್ಕಿದ್ದನ್ನು ಕೋಣೆ ಹೇಳಿಕೊಡುತ್ತದೆ. ದರೋಡೆಕೋರನಾಗಿದ್ದು ಮನಸ್ಸು ತಿರುಗಿ ಸನ್ಯಾಸಿಯಾದ ಇಥಿಯೋಪಿಯದ ಮೋಸೆಸ್ ಎಂಬ ಹಿರಿಯನು ಕೊಡುತ್ತಿದ್ದ ಬುದ್ಧಿವಾದವೂ ಇದೇ.

ಸನ್ಯಾಸಿ ಎಂದ ಕೂಡಲೇ ನಡೆಯುತ್ತಿರುವ ಮನುಷ್ಯನೊಬ್ಬ ಕಣ್ಣಮುಂದೆ ಬರುವ ನಾಡಿನಲ್ಲಿ ಬೆಳೆದ ನನಗೆ ಈ ಬುದ್ಧಿವಾದ ಬಹಳ ದಿನ ಅರ್ಥವಾಗಿರಲಿಲ್ಲ. ನಮ್ಮಲ್ಲಿ ಸನ್ಯಾಸಿ ಹರಿಯುವ ನೀರು. ಜೈನ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಒಂದೆಡೆ ನೆಲೆನಿಲ್ಲುವಂತಿಲ್ಲ. ಬೌದ್ಧ ಭಿಕ್ಷುಗಳ ಮೂಲ ಕಟ್ಟಳೆಯೂ ಅದೇ. ಜಂಗಮ ಎಂಬ ಪದಕ್ಕೆ ಶರಣರು ಇನ್ನೂ ಆಳವಾದ ಅರ್ಥ ಕೊಟ್ಟಿದ್ದರೂ ಚಲನೆಯೇ ಅದರ ಬೇರು. ನಮ್ಮಲ್ಲೂ ಮಠಗಳಿವೆ, ಪೀಠಗಳಿವೆ, ಅವುಗಳಿಗೆ ಆಸ್ತಿಯೂ ವ್ಯಾಜ್ಯವೂ ಇವೆ ಎನ್ನುವುದು ನಿಜವೇ. ಆದರೂ ಆದರ್ಶದ ಮಟ್ಟದಲ್ಲಿ ನಾವು ಬೆಲೆ ಕೊಡುವುದು ಬಿಟ್ಟು ಹೊರಡುವುದಕ್ಕೆ. ಕ್ರೈಸ್ತ ಸನ್ಯಾಸದ ಇತಿಹಾಸವನ್ನು ಓದುತ್ತಾ ಹೋದಂತೆ, ಮನೆ ಬಿಡುವುದನ್ನು ಅವರು ಮೊದಲ ದಿನದ ಕೆಲಸವೆಂದು ಎಣಿಸಿ, ಬಿಟ್ಟು ಬಂದ ಮೇಲೆ ಒಂದು ಕಡೆ ಕೂರುವುದನ್ನು ಆಯುಷ್ಯದ ಕೆಲಸವನ್ನಾಗಿ ಮಾಡಿಕೊಂಡರು ಎಂದು ನನಗೆ ಅನಿಸತೊಡಗಿತು.

ಕೂರುವುದು ಎಷ್ಟು ಕಷ್ಟ ಎಂಬುದನ್ನು ಅವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆದಿಟ್ಟವನು ಎವಾಗ್ರಿಯಸ್. ಕಪ್ಪು ಸಮುದ್ರದ ದಂಡೆಯ ಪೊಂಟಸ್ ಸೀಮೆಯಿಂದ ಬಂದ ಈ ವಿದ್ವಾಂಸ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಹೆಸರು ಮಾಡಿ, ಒಂದು ಪ್ರೇಮಪ್ರಸಂಗದಲ್ಲಿ ಸಿಲುಕಿ, ಅಲ್ಲಿಂದ ತಪ್ಪಿಸಿಕೊಂಡು ಜೆರುಸಲೇಮಿಗೆ ಬಂದು, ಕೊನೆಗೆ ಕೆಲ್ಲಿಯಾದ ಗೂಡೊಂದನ್ನು ಸೇರಿ, 399ರಲ್ಲಿ ಅಲ್ಲಿಯೇ ಸತ್ತ. ಮನುಷ್ಯನನ್ನು ಕಾಡುವ ಯೋಚನೆಗಳನ್ನು ಅವನು ಎಂಟು ಬಗೆಯಾಗಿ ವಿಂಗಡಿಸಿದ. ಎರಡು ಶತಮಾನಗಳ ನಂತರ ಪೋಪ್ ಗ್ರೆಗರಿ ಆ ಪಟ್ಟಿಯನ್ನು ತಿದ್ದಿ ಏಳಕ್ಕೆ ಇಳಿಸಿದ್ದರಿಂದಲೇ ಕ್ರೈಸ್ತರ ‘ಏಳು ಮಹಾಪಾಪಗಳು’ ಹುಟ್ಟಿಕೊಂಡವು. ಆ ಎಂಟರಲ್ಲಿ ಅತ್ಯಂತ ಭಾರವಾದದ್ದು ‘ಅಕೀಡಿಯಾ’ ಎಂದು ಎವಾಗ್ರಿಯಸ್ ಹೇಳುತ್ತಾನೆ. ಸೋಮಾರಿತನ ಎಂದು ಅನುವಾದಿಸುವುದುಂಟು, ಆದರೆ ಅದು ಸಾಲದು; ಬೇಸರ ಹತ್ತಿರದ್ದು; ಇದ್ದಲ್ಲಿ ಇರಲಾರದ ತಳಮಳ ಎಂದರೆ ಇನ್ನೂ ಹತ್ತಿರ. ಕೀರ್ತನೆಯಲ್ಲಿ ಬರುವ ಮಾತನ್ನು ಹಿಡಿದು ಇದಕ್ಕೆ ಮಧ್ಯಾಹ್ನದ ಭೂತ ಎಂಬ ಹೆಸರೂ ಇದೆ.

ಆ ಭೂತ ಹಿಡಿಯುವುದು ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ. ಬಿಡುವುದು ಮಧ್ಯಾಹ್ನ ಎರಡಕ್ಕೆ. ದಿನದ ಒಂದೇ ಊಟ ಇರುವುದು ಮೂರು ಗಂಟೆಗೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ವೇಳಾಪಟ್ಟಿ ಅರ್ಥವಾಗುತ್ತದೆ. ಸೂರ್ಯ ಅಲುಗಾಡುತ್ತಲೇ ಇಲ್ಲ, ಹಗಲಿಗೆ ಐವತ್ತು ಗಂಟೆಗಳಿವೆ ಎಂದು ಸನ್ಯಾಸಿಗೆ ಅನಿಸತೊಡಗುತ್ತದೆ. ಅವನ ಕಣ್ಣು ಕಿಟಕಿಯ ಕಡೆಗೇ ಹೋಗುತ್ತದೆ. ಎದ್ದು ಹೊರಗೆ ಬಂದು ಊಟಕ್ಕೆ ಇನ್ನೆಷ್ಟು ಹೊತ್ತಿದೆ ಎಂದು ಸೂರ್ಯನನ್ನು ನೋಡುತ್ತಾನೆ; ಪಕ್ಕದ ಗೂಡಿನವರು ಯಾರಾದರೂ ಇತ್ತ ಬರುತ್ತಿದ್ದಾರೆಯೇ ಎಂದು ಅತ್ತಿತ್ತ ನೋಡುತ್ತಾನೆ. ಓದಲು ಕೂತರೆ ಆಕಳಿಕೆ. ಹಾಳೆ ತಿರುವಿ ಇನ್ನೆಷ್ಟು ಉಳಿದಿದೆ ಎಂದು ಲೆಕ್ಕ ಹಾಕಿ, ಅಕ್ಷರ ಸರಿಯಿಲ್ಲವೆಂದು ದೂರಿ, ಪುಸ್ತಕವನ್ನೇ ಮಡಚಿ ತಲೆದಿಂಬು ಮಾಡಿಕೊಂಡು ಮಲಗುತ್ತಾನೆ. ಆಮೇಲೆ ಶುರುವಾಗುವುದು ಭೂತದ ವಾದ. ಈ ಜಾಗ ಸರಿಯಿಲ್ಲ. ಇಲ್ಲಿಯವರಲ್ಲಿ ಈಗ ಮೊದಲಿನ ಪ್ರೀತಿಯಿಲ್ಲ. ಮೊನ್ನೆ ಅವನು ಆಡಿದ ಮಾತು ನೆನಪಿದೆಯಲ್ಲವೇ? ಬೇರೆ ಕಡೆ ಹೋದರೆ ಇದಕ್ಕಿಂತ ಹಗುರವಾದ ಕಸುಬು ಸಿಗುತ್ತದೆ. ಅಲ್ಲದೆ, ದೇವರನ್ನು ಮೆಚ್ಚಿಸಲು ಇಂಥದೇ ಸ್ಥಳ ಬೇಕೆಂದು ಎಲ್ಲಿದೆ, ಅವನು ಎಲ್ಲೆಲ್ಲಿಯೂ ಇದ್ದಾನಲ್ಲ!

ಈ ಕೊನೆಯ ವಾದ ಓದಿದಾಗ ನಾನು ಗಟ್ಟಿಯಾಗಿ ನಕ್ಕೆ. ದೇವರು ಎಲ್ಲೆಲ್ಲಿಯೂ ಇದ್ದಾನೆ ಎಂಬ ಸತ್ಯವನ್ನೇ ಭೂತದ ಬಾಯಲ್ಲಿ ಇಡುವ ಧೈರ್ಯ ಎವಾಗ್ರಿಯಸನದು. ನಕ್ಕಮೇಲೆ ಸ್ವಲ್ಪ ನಾಚಿಕೆಯೂ ಆಯಿತು. ಮನೆಯಿಂದಲೇ ಕೆಲಸ ಮಾಡುವ ನಾನು ಹನ್ನೊಂದೂವರೆಯ ಹೊತ್ತಿಗೆ ಮೂರನೆಯ ಬಾರಿ ಫ್ರಿಜ್ ತೆರೆದು, ಬೇಕಾದದ್ದೇನೂ ಇಲ್ಲವೆಂದು ಮೊದಲೇ ಗೊತ್ತಿದ್ದರೂ ಒಳಗೆ ನೋಡುತ್ತಾ ನಿಂತಿದ್ದದ್ದು ಅದೇ ವಾರ. ಪಕ್ಕದ ಗೂಡಿನವನು ಬರುತ್ತಿದ್ದಾನೆಯೇ ಎಂದು ನೋಡುವುದಕ್ಕೆ ನಮಗೀಗ ಹೊರಗೆ ಬರುವ ಶ್ರಮವೂ ಬೇಕಿಲ್ಲ, ಮೊಬೈಲ್ ಅಂಗೈಯಲ್ಲೇ ಇದೆ. ಎವಾಗ್ರಿಯಸ್ ಕೊಡುವ ಮದ್ದು ಬಹಳ ಚಿಕ್ಕದು: ಆ ಹೊತ್ತಿನಲ್ಲಿ ಎಷ್ಟೇ ಒಳ್ಳೆಯ ನೆಪ ಸಿಕ್ಕರೂ ಕೋಣೆ ಬಿಟ್ಟು ಹೋಗಬೇಡ. ಅವನು ಸತ್ತು ನೂರೈವತ್ತು ವರ್ಷಗಳಾದ ಮೇಲೆ, 553ರಲ್ಲಿ, ಅವನ ತತ್ತ್ವವಿಚಾರಗಳನ್ನು ಚರ್ಚು ಖಂಡಿಸಿತು. ಆದರೂ ಬೇಸರದ ಬಗ್ಗೆ ಬರೆದದ್ದನ್ನು ಮಾತ್ರ ಮಠಗಳು ಬಿಡಲಿಲ್ಲ. ನೈಲಸ್ ಎಂಬ ಬೇರೊಬ್ಬ ಸಂತನ ಹೆಸರು ಹಚ್ಚಿಕೊಂಡು ಗ್ರೀಕ್ ಸನ್ಯಾಸಿಗಳು ಅವನ ಕೃತಿಗಳನ್ನು ಪ್ರತಿಮಾಡಿಕೊಳ್ಳುತ್ತಲೇ ಹೋದರು.

ಈಜಿಪ್ಟಿನ ಈ ಅನುಭವವನ್ನು ಫ್ರಾನ್ಸಿನ ಮಾರ್ಸೇಲಿಗೆ ಹೊತ್ತು ತಂದ ಜಾನ್ ಕಾಸಿಯನ್ ಎಂಬವನು ಪೌಲ ಎಂಬ ಹಿರಿಯನೊಬ್ಬನ ಸಂಗತಿ ಹೇಳುತ್ತಾನೆ. ಪೌಲನ ಗುಹೆ ಊರುಗಳಿಂದ ಏಳು ದಿನಗಳ ನಡಿಗೆಯಷ್ಟು ಒಳಗಿತ್ತು. ಖರ್ಜೂರದ ಮರಗಳೂ ಸಣ್ಣದೊಂದು ತೋಟವೂ ಇದ್ದುದರಿಂದ ಹೊಟ್ಟೆಗೆ ಕೊರತೆಯಿರಲಿಲ್ಲ. ಹೆಣೆದದ್ದನ್ನು ಪೇಟೆಗೆ ಸಾಗಿಸಿದರೆ ಬರುವ ದುಡ್ಡಿಗಿಂತ ಬಾಡಿಗೆಯೇ ಹೆಚ್ಚಾಗುತ್ತಿತ್ತು. ಆದರೂ ಅವನು ದಿನವೂ ಇಷ್ಟು ಎಂದು ಗೊತ್ತುಮಾಡಿಕೊಂಡು ಗರಿ ಕೊಯ್ದು ಹೆಣೆದ; ವರ್ಷ ತುಂಬುವ ಹೊತ್ತಿಗೆ ಗುಹೆ ತುಂಬಿತು; ಆಗ ಅಷ್ಟಕ್ಕೂ ಬೆಂಕಿ ಕೊಟ್ಟು, ಮಾರನೆಯ ದಿನದಿಂದ ಮತ್ತೆ ಮೊದಲಿನಿಂದ ಶುರುಮಾಡಿದ. ಪ್ರತಿ ವರ್ಷವೂ ಹೀಗೆಯೇ. ಕೈಕೆಲಸವಿಲ್ಲದೆ ಸನ್ಯಾಸಿ ಒಂದೆಡೆ ನಿಲ್ಲಲಾರ ಎಂದು ತೋರಿಸಲು ಕಾಸಿಯನ್ ಈ ಕಥೆ ಹೇಳುತ್ತಾನೆ. ನಾನು ಇದನ್ನು ಅಷ್ಟು ಸಲೀಸಾಗಿ ಒಪ್ಪಿಕೊಳ್ಳಲಾರೆ. ಎರಡು ದಿನಗಳ ದಾರಿಯಲ್ಲಿ ಬುಟ್ಟಿ ಬೇಕಾದ ಬಡವಿ ಒಬ್ಬಳಾದರೂ ಇದ್ದಿರಲಾರಳೇ ಎಂದು ಮನಸ್ಸು ತಕರಾರು ತೆಗೆಯುತ್ತದೆ. ಏಳು ದಿನಗಳ ದಾರಿ ಎಂದು ಕಾಸಿಯನ್ ಮೊದಲೇ ಹೇಳಿಟ್ಟದ್ದು ನನ್ನಂಥವರ ಬಾಯಿ ಮುಚ್ಚಿಸುವುದಕ್ಕೇ ಇರಬೇಕು.

ಒಬ್ಬೊಬ್ಬರೇ ಕೂರುವ ಈ ಪದ್ಧತಿಗೆ ಎದುರಾಗಿ, ಒಟ್ಟಿಗೆ ಕೂರುವ ಪದ್ಧತಿಯನ್ನು ಕಟ್ಟಿದವನು ಪಕೋಮಿಯಸ್. ರೋಮನ್ ಸೇನೆಗೆ ಬಲವಂತವಾಗಿ ಹಿಡಿದೊಯ್ದ ಹುಡುಗರಲ್ಲಿ ಒಬ್ಬನಾಗಿ ಅವನು ಥೀಬ್ಸ್ ನಗರದಲ್ಲಿ ಬಂಧನದಲ್ಲಿದ್ದಾಗ, ಗುರುತುಪರಿಚಯವಿಲ್ಲದ ಊರಿನ ಕ್ರೈಸ್ತರು ರಾತ್ರಿ ಊಟ ತಂದುಕೊಟ್ಟರಂತೆ. ಬಿಡುಗಡೆಯಾದ ಮೇಲೆ ದೀಕ್ಷಾಸ್ನಾನ ಪಡೆದು, 320ರ ಆಸುಪಾಸಿನಲ್ಲಿ ನೈಲ್ ದಂಡೆಯ ತಬೆನ್ನೀಸಿಯಲ್ಲಿ ಮೊದಲ ಮಠ ಕಟ್ಟಿದ. 346ರಲ್ಲಿ ಸಾಂಕ್ರಾಮಿಕ ರೋಗಕ್ಕೆ ಬಲಿಯಾಗುವ ಹೊತ್ತಿಗೆ ಅವನ ಕೈಕೆಳಗೆ ಗಂಡಸರ ಒಂಬತ್ತು ಮಠಗಳೂ ಹೆಂಗಸರ ಎರಡು ಮಠಗಳೂ ಇದ್ದವು. ಸುತ್ತ ಗೋಡೆ, ಒಂದು ಹೆಬ್ಬಾಗಿಲು, ಒಳಗೆ ಮನೆಗಳ ಸಾಲು ಎಂಬ ವ್ಯವಸ್ಥೆ ಅಲ್ಲಿಯದು. ಅವನ ಕಟ್ಟಳೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು: ಮಠಕ್ಕೆ ಬಂದವನಿಗೆ ಅಕ್ಷರ ಬಾರದಿದ್ದರೆ ಕಲಿಸಬೇಕು, ಅವನು ಒಲ್ಲೆನೆಂದರೂ ಬಿಡಬಾರದು. ಹೊಲ ಉಳುತ್ತಿದ್ದ, ಈಜಿಪ್ಟಿನ ಮೂಲನಿವಾಸಿಗಳಾದ ಕೋಪ್ಟ್ ರೈತರ ಮಕ್ಕಳಿಗೆ ಓದು ಕಡ್ಡಾಯ ಮಾಡಿದ ಸಂಸ್ಥೆ ಆ ಕಾಲದಲ್ಲಿ ಬೇರೆ ಎಲ್ಲಿತ್ತು?

ಹೀಗೆಂದು ಇದೆಲ್ಲವೂ ಬೆಳಕಿನ ಕಥೆಯಲ್ಲ. ಅಲೆಕ್ಸಾಂಡ್ರಿಯದಲ್ಲಿ ಧರ್ಮಾಧ್ಯಕ್ಷನಿಗೂ ರಾಜ್ಯಪಾಲ ಒರೆಸ್ಟೆಸನಿಗೂ ಜಟಾಪಟಿ ನಡೆದಾಗ ಗೂಡಿನಲ್ಲಿ ಕೂರಬೇಕಾಗಿದ್ದ ನಿಟ್ರಿಯಾದ ಸನ್ಯಾಸಿಗಳು ನೂರಾರು ಸಂಖ್ಯೆಯಲ್ಲಿ ಪೇಟೆಗೆ ಇಳಿದರು; ಅವರಲ್ಲೊಬ್ಬನು ಎಸೆದ ಕಲ್ಲು ರಾಜ್ಯಪಾಲನ ತಲೆ ಒಡೆಯಿತು. ಅದೇ ಜಗಳದ ಬೆನ್ನಲ್ಲೇ, 415ರಲ್ಲಿ, ಗಣಿತಜ್ಞೆ ಹೈಪೇಷಿಯಾಳನ್ನು ಕ್ರೈಸ್ತರ ಗುಂಪೊಂದು ಬೀದಿಯಲ್ಲಿ ಹಿಡಿದು ಕೊಂದಿತು. 451ರ ಕಾಲ್ಸಿಡಾನ್ ಮಹಾಸಭೆಯು ಸನ್ಯಾಸಿಗಳೆಲ್ಲರೂ ಆಯಾ ಊರಿನ ಧರ್ಮಾಧ್ಯಕ್ಷರ ಅಂಕೆಯಲ್ಲಿರಬೇಕು, ತಮ್ಮ ಸ್ಥಳ ಬಿಟ್ಟು ಊರ ವ್ಯವಹಾರಗಳಲ್ಲಿ ತಲೆಹಾಕಬಾರದು ಎಂದು ವಿಧಿಸಿದ್ದರ ಹಿಂದೆ ಇಂಥ ನೆನಪುಗಳಿದ್ದವು. ಕೂತಿರು ಎಂಬ ಉಪದೇಶ ಹೀಗೆ ಒಂದು ಕಡೆಯಿಂದ ಸರಕಾರಿ ಅಪ್ಪಣೆಯೂ ಆಯಿತು.

ಏಷ್ಯಾ ಮೈನರಿನ ಧರ್ಮಾಧ್ಯಕ್ಷ ಬೆಸಿಲನ ತಕರಾರು ಬೇರೆ ಬಗೆಯದು. ಒಬ್ಬನೇ ಕೂತವನು ಯಾರ ಕಾಲು ತೊಳೆಯುತ್ತಾನೆ ಎಂದು ಅವನು ಕೇಳಿದ. ಶಿಷ್ಯರ ಕಾಲು ತೊಳೆದ ಗುರುವಿನ ಅನುಯಾಯಿಗೆ ಇದಕ್ಕಿಂತ ಹರಿತವಾದ ಪ್ರಶ್ನೆಯಿರಲಾರದು. ಅವನ ಅಕ್ಕ ಮ್ಯಾಕ್ರೀನಾ ಅದಕ್ಕೂ ಮೊದಲೇ ಕುಟುಂಬದ ಮನೆಯನ್ನೇ ಮಠವನ್ನಾಗಿ ಮಾಡಿ, ಮನೆಯ ದಾಸಿಯರನ್ನು ತನ್ನ ಸಮಾನರನ್ನಾಗಿ ಕೂರಿಸಿಕೊಂಡು ಉಂಡವಳು. ಬೆಸಿಲ್ ಸಿಸೇರಿಯಾ ನಗರದ ಹೊರಗೆ ರೋಗಿಗಳಿಗೂ ಪ್ರಯಾಣಿಕರಿಗೂ ದೊಡ್ಡ ಆಶ್ರಯಧಾಮ ಕಟ್ಟಿಸಿದ. ಪೂರ್ವದ ಕ್ರೈಸ್ತ ಮಠಗಳು ಇಂದಿಗೂ ಅವನನ್ನೇ ಗುರುವೆಂದು ಹೇಳಿಕೊಳ್ಳುತ್ತವೆ.

ಪಶ್ಚಿಮದಲ್ಲಿ ಆ ಸ್ಥಾನ ಇಟಲಿಯ ನೂರ್ಸಿಯಾದ ಬೆನೆಡಿಕ್ಟನದು. ಸುಮಾರು 480ರಲ್ಲಿ ಹುಟ್ಟಿದ ಈತ ರೋಮಿನಲ್ಲಿ ಓದುವುದನ್ನು ಬಿಟ್ಟು, ಸುಬಿಯಾಕೋದ ಗುಹೆಯಲ್ಲಿ ಮೂರು ವರ್ಷ ಕಳೆದು, 529ರ ಸುಮಾರಿಗೆ ಮಾಂಟೆ ಕಸಿನೋ ಬೆಟ್ಟದ ಮೇಲೆ ಮಠ ಕಟ್ಟಿ, ಅದಕ್ಕಾಗಿ 73 ಅಧ್ಯಾಯಗಳ ಒಂದು ನಿಯಮಾವಳಿ ಬರೆದ. ಅದರ ಮೊದಲ ಅಧ್ಯಾಯದಲ್ಲೇ ಸನ್ಯಾಸಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಅತ್ಯಂತ ಕೀಳು ಬಗೆ ಎಂದು ಅವನು ತೋರಿಸುವುದು ‘ಗೈರೋವಾಗಿ’ ಎಂಬವರನ್ನು: ಊರೂರು ತಿರುಗುತ್ತಾ, ಒಂದೊಂದು ಮಠದಲ್ಲಿ ಮೂರು ನಾಲ್ಕು ದಿನ ಅತಿಥಿಯಾಗಿ ಉಂಡು, ಎಲ್ಲಿಯೂ ನಿಲ್ಲದವರು. ನಮ್ಮಲ್ಲಿ ಕೈಮುಗಿಸಿಕೊಳ್ಳುವ ಪರಿವ್ರಾಜಕ ಅವನ ಪಟ್ಟಿಯಲ್ಲಿ ತಳದಲ್ಲಿದ್ದಾನೆ! ಅವನ ಮಠಕ್ಕೆ ಸೇರುವವನು ಮೊದಲು ಕೊಡಬೇಕಾದ ವಚನವೇ ಸ್ಥಿರತೆಯದು, ಅಂದರೆ ಸಾಯುವವರೆಗೂ ಇದೇ ಗೋಡೆಯೊಳಗೆ, ಇದೇ ಜನರೊಂದಿಗೆ ಇರುತ್ತೇನೆ ಎಂಬುದು. ಇದಕ್ಕೆ ಸ್ಥಾವರವ್ರತ ಎಂದು ಹೆಸರಿಡಬಹುದೇನೋ, ಆದರೆ ಆ ಪದ ನಮ್ಮ ಕಿವಿಗೆ ಅಷ್ಟು ಹಿತವಾಗಿ ಕೇಳಿಸುವುದಿಲ್ಲ.

ಬೆನೆಡಿಕ್ಟನ ನಿಯಮಾವಳಿಯನ್ನು ನಾನು ಮೊದಲು ಕೈಗೆತ್ತಿಕೊಂಡಾಗ ಉಗ್ರ ತಪಸ್ಸಿನ ಕೈಪಿಡಿಯನ್ನು ನಿರೀಕ್ಷಿಸಿದ್ದೆ. ಸಿಕ್ಕಿದ್ದು ದೊಡ್ಡ ಕೂಡುಕುಟುಂಬದ ಯಜಮಾನನೊಬ್ಬನ ಕಾಳಜಿ. ದಿನಕ್ಕೆ ಒಬ್ಬೊಬ್ಬನಿಗೆ ಒಂದು ಪೌಂಡು ರೊಟ್ಟಿ. ಬೇಯಿಸಿದ ಎರಡು ಪದಾರ್ಥ, ಏಕೆಂದರೆ ಒಂದು ಒಗ್ಗದವನು ಇನ್ನೊಂದನ್ನು ಉಣ್ಣಲಿ. ದ್ರಾಕ್ಷಾರಸ ಸನ್ಯಾಸಿಗಳಿಗೆ ಸಲ್ಲದೆಂದು ಹಿಂದಿನವರು ಹೇಳಿದ್ದಾರೆ, ಆದರೆ ಈ ಕಾಲದ ಸನ್ಯಾಸಿಗಳನ್ನು ಅದಕ್ಕೆ ಒಪ್ಪಿಸುವುದು ಆಗದ ಮಾತಾದ್ದರಿಂದ ಹೊಟ್ಟೆ ಬಿರಿಯುವಷ್ಟು ಕುಡಿಯದಿದ್ದರೆ ಸಾಕು ಎನ್ನುವ ಧಾಟಿ. ಮಲಗುವಾಗ ನಿದ್ದೆಗಣ್ಣಿನಲ್ಲಿ ಗಾಯವಾದೀತು, ಸೊಂಟದ ಚಾಕು ತೆಗೆದಿಡಿ. ನಸುಕಿನ ಪ್ರಾರ್ಥನೆಯ ಮೊದಲ ಕೀರ್ತನೆಯನ್ನು ನಿಧಾನವಾಗಿ ಎಳೆದು ಹೇಳಿ, ತಡವಾಗಿ ಎದ್ದವರು ಅಷ್ಟರೊಳಗೆ ಬಂದು ಸೇರಿಕೊಳ್ಳಲಿ. ಯಾರಿಗೂ ಸ್ವಂತದ್ದೇನೂ ಇರಬಾರದು. ಹಾಗೆಂದು ಕೊರತೆಯ ನೆಪವೂ ಸಿಗದಂತೆ ಮಠಾಧಿಪತಿಯೇ ನಿಲುವಂಗಿ, ಚಪ್ಪಲಿ, ಸೊಂಟಪಟ್ಟಿ, ಚಾಕು, ಲೇಖನಿ, ಸೂಜಿ, ಕರವಸ್ತ್ರ, ಬರೆಯುವ ಹಲಗೆ ಎಲ್ಲವನ್ನೂ ಕೊಡಬೇಕು, ಮತ್ತು ಆಗಾಗ ಹಾಸಿಗೆ ತಡಕಿ ಯಾರಾದರೂ ಏನಾದರೂ ಬಚ್ಚಿಟ್ಟಿದ್ದಾರೆಯೇ ಎಂದೂ ನೋಡಬೇಕು. ಮಠದ ಗುದ್ದಲಿ, ಪಾತ್ರೆಪಡಗಗಳನ್ನು ಪೂಜಾಪಾತ್ರೆಗಳಂತೆ ಕಾಣಬೇಕು ಎಂಬ ಮಾತು ಉಗ್ರಾಣಿಕನಿಗೆ ಹೇಳಿದ್ದು. ನನ್ನ ಅಜ್ಜಿ ಕೊಬ್ಬರಿ ಹೆರೆಮಣೆಯನ್ನು ತೊಳೆದು ಒರೆಸಿ ಗೋಡೆಗೆ ಒರಗಿಸುತ್ತಿದ್ದ ರೀತಿಯನ್ನು ಅದು ನೆನಪಿಗೆ ತಂದಿತು. ಪ್ರಯಾಣ ಹೋಗಿಬಂದವನು ಹೊರಗೆ ಕಂಡದ್ದು ಕೇಳಿದ್ದನ್ನು ಒಳಗೆ ಬಂದು ಯಾರಿಗೂ ಹೇಳಬಾರದು ಎಂಬ ನಿಯಮ ಮಾತ್ರ ನನ್ನಿಂದ ಒಂದು ದಿನವೂ ಪಾಲಿಸಲಾಗದ್ದು.

ಈ ಮಠಗಳ ದಿನವನ್ನು ಹಿಡಿದಿಟ್ಟದ್ದು ಗಂಟೆ. ರಾತ್ರಿಯ ಜಾಗರಣೆಯಿಂದ ಹಿಡಿದು ಮಲಗುವ ಮುನ್ನದ ಪ್ರಾರ್ಥನೆಯವರೆಗೆ ಎಂಟು ಸಲ ಎಲ್ಲರೂ ಕೂಡಿ, 150 ಕೀರ್ತನೆಗಳನ್ನು ವಾರಕ್ಕೊಮ್ಮೆ ಪೂರ್ತಿಯಾಗಿ ಹಾಡಿ ಮುಗಿಸಬೇಕು. ಗಂಟೆ ಕೇಳಿದ ಕೂಡಲೇ ಕೈಯಲ್ಲಿದ್ದ ಕೆಲಸವನ್ನು ಇದ್ದಂತೆಯೇ ಬಿಟ್ಟು ಏಳಬೇಕು. ಕೆಲಸ ಮುಗಿಸಿ ಬರುತ್ತೇನೆ ಎನ್ನುವಂತಿಲ್ಲ. ಕೆಲಸ ಎಂದೂ ಮುಗಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಮಧ್ಯಾಹ್ನದ ಭೂತಕ್ಕೆ ಹಿಡಿಯಲು ಸಿಗುವ ಐದಾರು ಗಂಟೆಗಳ ಉದ್ದನೆಯ ಹೊತ್ತನ್ನು ತುಂಡು ತುಂಡು ಮಾಡಿಬಿಡುವ ಉಪಾಯ ಇದು ಎಂದು ನನ್ನ ಗುಮಾನಿ.

ಮುಂದಿನ ಸಾವಿರ ವರ್ಷಗಳ ಕಥೆಯಲ್ಲಿ ಒಂದೇ ಸುತ್ತು ಮತ್ತೆ ಮತ್ತೆ ಬರುತ್ತದೆ. ಬಡತನದ ವ್ರತ ಹಿಡಿದವರು ದುಡಿಯುತ್ತಾರೆ, ಖರ್ಚು ಮಾಡುವುದಿಲ್ಲ, ಭಕ್ತರು ಭೂಮಿ ಬರೆದುಕೊಡುತ್ತಾರೆ, ಮಠ ಶ್ರೀಮಂತವಾಗುತ್ತದೆ, ಅದನ್ನು ಕಂಡು ಹೇಸಿದ ಕೆಲವರು ಕಾಡಿಗೆ ಹೋಗಿ ಹೊಸದೊಂದನ್ನು ಕಟ್ಟುತ್ತಾರೆ, ಅದೂ ಶ್ರೀಮಂತವಾಗುತ್ತದೆ. 910ರಲ್ಲಿ ಸ್ಥಾಪನೆಯಾದ ಕ್ಲೂನಿ ಮಠದ ಚರ್ಚು ಯುರೋಪಿನಲ್ಲೇ ಅತಿ ದೊಡ್ಡದಾಗಿತ್ತು. ಫ್ರಾನ್ಸಿನ ಕ್ರಾಂತಿಯ ನಂತರ ಅದನ್ನು ಕಲ್ಲುಗಣಿಯಂತೆ ಒಡೆದು ಮಾರಿದರು. 1098ರಲ್ಲಿ ಸೀಟೋ ಎಂಬಲ್ಲಿ ಸರಳತೆಗಾಗಿ ಬೇರೆಯಾದ ಸಿಸ್ಟರ್ಸಿಯನ್ನರು ಕುರಿಯ ಉಣ್ಣೆ ಮಾರಿ ಸಿರಿವಂತರಾದರು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿ 1536ರಿಂದ 1540ರೊಳಗೆ ದೇಶದ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿ ವಶಪಡಿಸಿಕೊಂಡ. ಈ ಸುತ್ತಿನಿಂದ ಬಹುಮಟ್ಟಿಗೆ ಹೊರಗೆ ಉಳಿದವರು ಬ್ರೂನೋ 1084ರಲ್ಲಿ ಆಲ್ಪ್ಸ್ ಬೆಟ್ಟಗಳಲ್ಲಿ ಆರಂಭಿಸಿದ ಕಾರ್ತೂಸಿಯನ್ನರು. ಅವರಲ್ಲಿ ಪ್ರತಿಯೊಬ್ಬನಿಗೂ ಪುಟ್ಟ ತೋಟವಿರುವ ಪ್ರತ್ಯೇಕ ಮನೆ. ಊಟ ಬರುವುದು ಬಾಗಿಲ ಪಕ್ಕದ ಗೋಡೆಯ ಸಣ್ಣ ಕಿಂಡಿಯಲ್ಲಿ, ಕೊಟ್ಟವನ ಮುಖ ಕಾಣುವುದಿಲ್ಲ.

ಹೆಂಗಸರ ವಿಷಯದಲ್ಲಿ ಮಾತ್ರ ‘ಕೂತಿರು’ ಎಂಬುದು ಬೇರೆಯೇ ದನಿಯಲ್ಲಿ ಬಂತು. 1298ರಲ್ಲಿ ಪೋಪ್ ಎಂಟನೆಯ ಬೋನಿಫೇಸ್ ಎಲ್ಲ ಸನ್ಯಾಸಿನಿಯರೂ ಗೋಡೆಯೊಳಗೇ ಇರಬೇಕೆಂದು ಆಜ್ಞೆ ಹೊರಡಿಸಿದ. 1563ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಇನ್ನಷ್ಟು ಬಿಗಿಮಾಡಿತು. ಗಂಡಸು ತಾನಾಗಿ ಆಯ್ದುಕೊಂಡದ್ದನ್ನು ಹೆಂಗಸಿನ ಮೇಲೆ ಹೊರಿಸಲಾಯಿತು, ಮತ್ತು ವರದಕ್ಷಿಣೆ ಉಳಿಸಲು ಅಪ್ಪಂದಿರು ಮಠಕ್ಕೆ ತಳ್ಳಿದ ಹುಡುಗಿಯರ ಪಾಲಿಗೆ ಆ ಗೋಡೆ ಬರೀ ಗೋಡೆಯೇ ಆಗಿತ್ತು. ಆದರೆ ಅದೇ ಗೋಡೆಯನ್ನು ತಾನೇ ಬಯಸಿ ಕಟ್ಟಿಕೊಂಡವಳು ಸ್ಪೇನಿನ ಆವಿಲಾದ ತೆರೇಸಾ. ಜನಜಂಗುಳಿಯ ಹಳೆಯ ಮಠ ಬಿಟ್ಟು 1562ರಲ್ಲಿ ಬೆರಳೆಣಿಕೆಯ ಜೊತೆಗಾತಿಯರೊಂದಿಗೆ ಕಾರ್ಮೆಲ್ ಸಂಪ್ರದಾಯದ ಸುಧಾರಿತ ಮಠವೊಂದನ್ನು ಆರಂಭಿಸಿದಳು. ಏಕಾಂತದ ಆ ಮಠಗಳನ್ನು ಕಟ್ಟುವುದಕ್ಕಾಗಿ ಅವಳು ಉಳಿದ ಆಯುಷ್ಯವನ್ನೆಲ್ಲ ಮುಸುಕು ಗಾಡಿಗಳಲ್ಲಿ ಸ್ಪೇನ್ ಸುತ್ತುತ್ತಾ ಕಳೆಯಬೇಕಾಯಿತು. ಪೋಪನ ಪ್ರತಿನಿಧಿಯೊಬ್ಬನು ಅವಳನ್ನು ನೆಲೆಯಿಲ್ಲದ ತಿರುಗಾಡಿ ಹೆಂಗಸು ಎಂದು ಜರೆದ.

ಆ ಗಾಡಿಗಳ ದಾರಿ ಮುಂದೆ ಮಂಗಳೂರಿನವರೆಗೂ ಬಂತು. 1870ರಲ್ಲಿ ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠದಿಂದ ಕೆಲವು ಸನ್ಯಾಸಿನಿಯರು ಹಡಗು ಹತ್ತಿದರು. ದಾರಿಯಲ್ಲೇ ಕೆಲವರು ತೀರಿಕೊಂಡರು. ಉಳಿದವರು ಬಂದು ಮಂಗಳೂರಿನಲ್ಲಿ, ಭಾರತದಲ್ಲೇ ಮೊದಲನೆಯದಾದ, ಗೋಡೆಯೊಳಗಿನ ಕಾರ್ಮೆಲ್ ಮಠವನ್ನು ಸ್ಥಾಪಿಸಿದರು. ಅದೇ ವರ್ಷ ಅದೇ ಸಂಪ್ರದಾಯದ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರುಗಳೂ ಬಂದು ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಕರಾವಳಿಯ ಎಷ್ಟೋ ಮನೆಗಳ ಅಜ್ಜಿಯರು ಅವರಲ್ಲಿ ಅಕ್ಷರ ಕಲಿತವರು. ಶಾಲೆಯವರನ್ನು ಊರೆಲ್ಲ ಬಲ್ಲದು, ಗೋಡೆಯೊಳಗಿನವರನ್ನು ಯಾರೂ ಕಾಣರು. ಆ ಒಳಗಿನವರ ಗುಂಪಿನಲ್ಲಿ ಗಲಿಲಾಯದ ಇಬಿಲ್ಲಿನ್ ಹಳ್ಳಿಯಲ್ಲಿ 1846ರಲ್ಲಿ ಹುಟ್ಟಿದ, ಓದುಬರಹವಿಲ್ಲದ ಅರಬ್ ಹುಡುಗಿ ಮರಿಯಂ ಬವಾರ್ದಿಯೂ ಇದ್ದರು. ಅವರು ವ್ರತ ಸ್ವೀಕರಿಸಿದ್ದು ಮಂಗಳೂರಿನಲ್ಲಿ, 1871ರ ನವೆಂಬರ್ 21ರಂದು. ಅವರ ಅನುಭಾವದ ದರ್ಶನಗಳ ಬಗ್ಗೆ ಮೇಲಿನವರಿಗೆ ಸಂಶಯ ಹುಟ್ಟಿ 1872ರಲ್ಲಿ ಫ್ರಾನ್ಸಿಗೆ ಹಿಂದಕ್ಕೆ ಕಳುಹಿಸಲಾಯಿತು. 1878ರಲ್ಲಿ ಬೆತ್ಲೆಹೇಮಿನಲ್ಲಿ ತೀರಿಕೊಂಡ ಅವರನ್ನು 2015ರಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು.

ಸ್ಥಾವರ-ಜಂಗಮಗಳ ತಕರಾರು ಈ ನೆಲಕ್ಕೆ ಬಂದ ಬೆನೆಡಿಕ್ಟೀನರನ್ನೂ ಬಿಡಲಿಲ್ಲ. ಇಂಗ್ಲೆಂಡಿನ ಬೀಡ್ ಗ್ರಿಫಿತ್ಸ್ 1955ರಲ್ಲಿ ಬಂದು ಮೊದಲು ನೆಲೆಸಿದ್ದು ಬೆಂಗಳೂರಿನ ಕೆಂಗೇರಿಯಲ್ಲಿ. ಅಲ್ಲಿ ಮಠ ನಿಲ್ಲದೆ 1958ರಲ್ಲಿ ಕೇರಳದ ಕುರಿಶುಮಲೆಗೆ, 1968ರಲ್ಲಿ ತಮಿಳುನಾಡಿನ ಕಾವೇರಿ ತೀರದ ಶಾಂತಿವನ ಆಶ್ರಮಕ್ಕೆ ಹೋದರು. ಶಾಂತಿವನವನ್ನು 1950ರಲ್ಲಿ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಆನ್ರಿ ಲಸೋ ಅವರ ಕಥೆ ಇನ್ನೂ ವಿಚಿತ್ರವಾದದ್ದು. ಬ್ರಿಟನಿಯ ಮಠವೊಂದರಲ್ಲಿ ಸ್ಥಿರತೆಯ ವ್ರತ ತೊಟ್ಟಿದ್ದ ಅವರು ಕಾವಿಯುಟ್ಟು ಅಭಿಷಿಕ್ತಾನಂದರಾಗಿ, ತಿರುವಣ್ಣಾಮಲೆಯ ಅರುಣಾಚಲ ಬೆಟ್ಟದ ಗುಹೆಗಳಲ್ಲಿ ಕೂತು, ಕೊನೆಗೆ ಶಾಂತಿವನವನ್ನೂ ಬಿಟ್ಟು ಉತ್ತರಕಾಶಿಯ ಗಂಗೆಯ ದಂಡೆಗೆ ಹೊರಟರು. ಬೆನೆಡಿಕ್ಟನ ಕಣ್ಣಿಗೆ ಅವರು ಗೈರೋವಾಗಿಯಾಗಿ ಕಂಡಾರು, ನಮ್ಮ ಕಣ್ಣಿಗೆ ಪಕ್ಕಾ ಸನ್ಯಾಸಿ.

ಮಂಗಳೂರಿನ ಆ ಮಠಕ್ಕೆ ನಾನು ಒಮ್ಮೆ ಹೋಗಿದ್ದೇನೆ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೂರು ದಿನ ಇರುವಾಗ. ಕರೆದುಕೊಂಡು ಹೋದವರು ಪಕ್ಕದ ಮನೆಯ ಬಾಯಮ್ಮ. ಅಲ್ಲಿ ಹೇಳಿಕೊಂಡರೆ ಆಗುತ್ತದೆ ಎಂಬ ಮಾತಿಗೆ ನಮ್ಮಮ್ಮ ಜಾತಿಧರ್ಮದ ಪ್ರಶ್ನೆ ಎತ್ತದೆ ಒಂದು ಚಿಪ್ಪು ಬಾಳೆಹಣ್ಣು ಕಟ್ಟಿಕೊಟ್ಟಿದ್ದರು. ಒಳಗೆ ತಂಪಾದ ಸಣ್ಣ ಕೋಣೆ, ಗೋಡೆಯಲ್ಲಿ ಪೀಪಾಯಿಯನ್ನು ನಿಲ್ಲಿಸಿದಂತಿರುವ, ಒಂದು ಪಕ್ಕ ಮಾತ್ರ ತೆರೆದಿರುವ ಮರದ ಕಪಾಟು. ಗಂಟೆಯ ಹಗ್ಗ ಎಳೆದು ಕಾದೆವು. ಹೆಜ್ಜೆಯ ಸದ್ದು, ಆಮೇಲೆ ಕಪಾಟಿನ ಹಿಂದಿನಿಂದ ವಯಸ್ಸಾದ ಹೆಂಗಸಿನ ದನಿ. ಬಾಯಮ್ಮ ಕೊಂಕಣಿಯಲ್ಲಿ ನನ್ನ ವಿಷಯ ಹೇಳಿದರು. ನಾನು ಹಣ್ಣಿಟ್ಟೆ, ಕಪಾಟು ಕಿರ್ರೆಂದು ತನ್ನಷ್ಟಕ್ಕೇ ತಿರುಗಿ ಬೆನ್ನು ತೋರಿಸಿತು.

“ಪರೀಕ್ಷೆ ಎಷ್ಟು ಗಂಟೆಗೆ ಮಗಾ?” ಎಂದು ಆ ದನಿ ನನ್ನನ್ನು ಕನ್ನಡದಲ್ಲಿ ಕೇಳಿತು.

“ಒಂಬತ್ತೂವರೆಗೆ ಸಿಸ್ಟರ್” ಎಂದೆ.

“ಆಯ್ತು. ನಾವು ಇಲ್ಲೇ ಇರ್ತೇವೆ.”

ಕಪಾಟು ಮತ್ತೆ ತಿರುಗಿತು. ನಾವಿಟ್ಟ ಹಣ್ಣಿನಲ್ಲಿ ಎರಡನ್ನು ನಮಗೇ ಬಿಟ್ಟಿದ್ದರು, ಬಸ್ಸಿನಲ್ಲಿ ತಿನ್ನಲು.